ಬ್ರಿನ್ ಐಥಿನ್ ಬೆಕಾ

"ಮಿಸ್, ಆ ಹೆಸರು ಹೊಡೆದುಹಾಕಿ. ನಾವೀಗ ಆ ಮನೇಲಿಲ್ಲ," ಎಂದಳು ಬೆಕಾ.

ಮಿಸ್ ನೆರಿಸ್ ಪೆನ್ನು ಕೆಳಗಿಟ್ಟರು. ಶಾಲೆಯ ಹಾಡು-ಪದ್ಯಗಳ ಹಬ್ಬಕ್ಕೆ ಹೆಸರು ಕೊಟ್ಟವರ ಪಟ್ಟಿ ಅವರ ಮುಂದಿತ್ತು.

ವೇಲ್ಸಿನ ನಾಂಟ್‌ಗ್ರೀಗ್ ಪುಟ್ಟ ಊರು. ಅಲ್ಲಿ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ. ಮನೆಯ ಹೆಸರೂ ಸೇರಲೇಬೇಕು. ಇವಳು ಬ್ರಿನ್ ಐಥಿನ್ ಬೆಕಾ, ಪಕ್ಕದ ಬೆಂಚಿನವಳು ಅಂಗಡಿ ಬೆಕಾ. ಆದರೆ ಬೆಕಾ ಹುಟ್ಟಿದಾಗಿನಿಂದ ಬಾಡಿಗೆಗಿದ್ದ ಬ್ರಿನ್ ಐಥಿನ್ ಮನೆಯನ್ನು ಓನರ್ ಮಾರಿಬಿಟ್ಟಿದ್ದರು. ಕೊಂಡವರು ಇಂಗ್ಲೆಂಡಿನವರು. ಅವರಾದರೂ ಸುಮ್ಮನಿದ್ದರೇ? ಬಂದ ವಾರಕ್ಕೇ ಊರಿನ ವೆಲ್ಶ್ ಭಾಷೆಯ ಹಳೆಯ ಫಲಕ ಕಿತ್ತು 'ಸೀ ವ್ಯೂ' ಎಂದು ಇಂಗ್ಲಿಷ್ ಬೋರ್ಡು ಹಾಕಿದ್ದರು. ಬೆಕಾಳ ಮನೆಯವರು ಹೊಸ ಸಾಲುಮನೆಗಳಲ್ಲಿ ಆರನೆಯದಕ್ಕೆ ಬಂದಿದ್ದರು. ಅದಕ್ಕೆ ಹೆಸರೇ ಇರಲಿಲ್ಲ.

"ಹಾಗಾದ್ರೆ ಆರನೇ ನಂಬರ್ ಬೆಕಾ!" ಎಂದು ಹಿಂದಿನ ಬೆಂಚಿನ ಇವಾನ್ ಕೂಗಿದ. ಕ್ಲಾಸೆಲ್ಲ ಗೊಳ್ಳೆಂದಿತು. ಬೆಕಾಳಿಗೆ ಅಳು ಒತ್ತರಿಸಿ ಬಂತು.

"ಯೋಚನೆ ಮಾಡಿ ನಾಳೆ ಹೇಳು ಪುಟ್ಟಾ," ಎಂದರು ಮಿಸ್.

ಸಂಜೆ ಬಸ್ಸಿನಲ್ಲಿ ಅವಳು ಡ್ರೈವರ್ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಳು. ಡ್ರೈವರ್ ಅಂದರೆ ಕುಲುಮೆ ವಿಲ್.

"ವಿಲ್ ಮಾಮ, ನಿಮ್ಮ ಕುಲುಮೆ ಎಲ್ಲಿದೆ?"

"ಅಯ್ಯೋ, ಅದು ನಮ್ಮಜ್ಜನ ಕಾಲಕ್ಕೇ ಬಿದ್ದುಹೋಯ್ತು ಕಣೇ. ಈಗ ಅಲ್ಲಿ ಕಸದ ಡಬ್ಬ ಇಟ್ಟಿದ್ದಾರೆ."

"ಮತ್ತೆ ಇನ್ನೂ ಯಾಕೆ ಕುಲುಮೆ ವಿಲ್?"

"ನನ್ನ ಯಾರು ಕೇಳಿದ್ರು? ಊರವರು ಕರೀತಾರೆ, ನಾನು ತಿರುಗಿ ನೋಡ್ತೀನಿ." ವಿಲ್ ಗೇರ್ ಬದಲಾಯಿಸಿದ. "ಕಸದ ಡಬ್ಬ ವಿಲ್ ಅಂದ್ರೆ ಮಾತ್ರ ತಿರುಗಲ್ಲ, ನೋಡು."

ಬೆಕಾಳಿಗೆ ಬೇಡವೆಂದರೂ ನಗು ಬಂತು.

ಅವಳು ಇಳಿದ ಸ್ಟಾಪಿನಲ್ಲಿ ಹಸಿರು ಕೋಟಿನ ಹೆಂಗಸೊಬ್ಬರು ನಿಂತಿದ್ದರು. 'ಸೀ ವ್ಯೂ' ಮನೆಯವರೇ. ಬೆಕಾ ತಲೆ ತಗ್ಗಿಸಿ ಹೊರಟಳು.

"ನಮಸ್ಕಾರ," ಎಂದರು ಅವರು, ಈಗಷ್ಟೇ ಕಲಿತ ವೆಲ್ಶ್‌ನಲ್ಲಿ, ಒಂದೊಂದೇ ಪದ ಹುಡುಕುತ್ತಾ. "ನಾನು... ಹ್ಯಾರಿಯೆಟ್. ನಿನ್ನ ಹೆಸರು... ಏನು?"

ಬೆಕಾ ನಿಂತಳು. ನಾಲಿಗೆ ತುದಿಗೆ ಒಂದೇ ಹೆಸರು ಬಂತು.

"ಬ್ರಿನ್ ಐಥಿನ್ ಬೆಕಾ."

"ಬ್ರಿನ್ ಐಥಿನ್? ಅದು ನಮ್ಮ ಮನೆಯ ಹೆಸರು... ಮೊದಲಿನದು, ಅಲ್ವಾ?"

"ಹೂಂ ಆಂಟಿ," ಎಂದಳು ಬೆಕಾ. "ಮನೆಗೂ ಅದೇ ಹೆಸರಿತ್ತು."