ಅಡಿಯ ಪೆಟ್ಟಿಗೆಯ ಕಳವು

ಅಳಿಯ ಬಾಗಿಲು ತೆರೆದಾಗ ಹೊರಗೆ ನಿಂತಿದ್ದವಳ ಕೈಯಲ್ಲಿ ಸ್ಪ್ಯಾನರ್ ಇನ್ನೂ ಹಾಗೆಯೇ ಇತ್ತು. ಗ್ಯಾರೇಜಿನಿಂದ ನೆಟ್ಟಗೆ ಎದ್ದು ಬಂದಿದ್ದಳು. ಊರಿನವರೆಲ್ಲ ಆಕೆಯನ್ನು ಕರೆಯುತ್ತಿದ್ದುದೇ ಸ್ಪ್ಯಾನರ್ ಅಕ್ಕ ಎಂದು.

"ನನ್ನನ್ನ ಕಳ್ಳಿ ಅಂದ್ರು, ಸರ್ವೇಯರಮ್ಮ," ಎಂದಳು ಒಳಗೆ ನೋಡಿ. "ಎಲ್ಲರ ಎದುರಿಗೇ ಅಂದ್ರು."

"ಮೊದಲು ಕೂತ್ಕೊ. ಆ ಸ್ಪ್ಯಾನರ್ ಆಚೆ ಇಡು, ಅಳಿಯಂದ್ರು ಹೆದರ್ಕೋತಾರೆ," ಎಂದರು ಅತ್ತೆ.

ಅತ್ತೆ ವಿಮಾ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದವರು. ನುಜ್ಜುಗುಜ್ಜಾದ ವಾಹನಗಳ ಸುತ್ತ ಒಂದು ಸಲ ನಡೆದು ಬಂದು, ಅಪಘಾತ ಹೇಗಾಯಿತು, ಸುಳ್ಳು ಹೇಳುತ್ತಿರುವವರು ಯಾರು ಎಂದು ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ವಾಹನಗಳು ಬರುವುದು ನಿಂತು ಜನರ ತಾಪತ್ರಯಗಳು ಬರತೊಡಗಿದವು. ಅಳಿಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಅವನಿಗೆ ರಾತ್ರಿ ಕೆಲಸ, ಹಗಲು ಬಿಡುವು. ಇಂಥ ಪ್ರಸಂಗಗಳಲ್ಲಿ ಅವನೇ ಅತ್ತೆಯ ಚಾಲಕ, ಅವನೇ ಚೀಲ ಹಿಡಿಯುವವನು. ಅತ್ತೆಯ ಮಾತಿನಲ್ಲೇ ಹೇಳುವುದಾದರೆ ತಪ್ಪು ಊಹೆಗಳ ಉಗ್ರಾಣ.

ಸ್ಪ್ಯಾನರ್ ಅಕ್ಕ ಹೇಳಿದ್ದು ಇಷ್ಟು. ಬೆಟ್ಟದ ಮೇಲೆ ಕಲ್ಲುಗಣಿಯ ಕೆಲಸಗಾರರ ವಸತಿ ಇದೆ. ಅಲ್ಲಿಂದ ಕಾಯಿಲೆಯವರನ್ನು, ಗಾಯಗೊಂಡವರನ್ನು ಕೆಳಗೆ ತರುವುದು ರಕ್ಷಣಾ ತಂಡದ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ. ಹೊಟ್ಟೆಗೆ ಕಲ್ಲು ತಾಗದಿರಲೆಂದು ಕಳೆದ ವರ್ಷ ಅದಕ್ಕೆ ದೊಡ್ಡ ಟೈರ್ ಹಾಕಿಸಿದರು. ಅಂದಿನಿಂದ ಇಳಿಜಾರಿನಲ್ಲಿ ಗಾಡಿ ಎಂಜಿನ್ನಿನ ಹಿಡಿತಕ್ಕೆ ನಿಲ್ಲದಾಯಿತು. ಡ್ರೈವರ್ ಬ್ರೇಕ್ ಒತ್ತಲೇಬೇಕಾಯಿತು. ಒಂದು ದಿನ ಬ್ರೇಕಿಗೆ ಚಕ್ರ ಕಚ್ಚಿಕೊಂಡು ಗಾಡಿ ಜಾರಿ, ಸ್ಟ್ರೆಚರ್ ಮೇಲಿದ್ದ ಮುದುಕಿಯ ಭುಜದ ಮೂಳೆ ಮುರಿಯಿತು. ತಂಡದ ಸಮಿತಿ ಕೊನೆಯ ಅವಕಾಶ ಕೊಟ್ಟಿತ್ತು. ಬರುವ ಭಾನುವಾರ ಗಾಡಿ ಬ್ರೇಕ್ ಮುಟ್ಟದೆ, ಮುಂದೆ ನಡೆಯುವವರನ್ನು ಹಿಂದೆ ಹಾಕದೆ ಕೆಳಗಿಳಿಯಬೇಕು. ಇಳಿಯದಿದ್ದರೆ ಗುಜರಿಗೆ.

"ಟೈರ್ ದೊಡ್ಡದಾದ್ರೆ ಗೇರ್ ಕಡಿಮೆ ಮಾಡ್ಬೇಕು, ಬೇರೆ ದಾರಿಯಿಲ್ಲ," ಎಂದಳು ಅಕ್ಕ. "ಹಲ್ಲುಚಕ್ರದ ಎರಡು ಸೆಟ್ ತರಿಸಿದ್ದೆ. ಎರಡರಲ್ಲೂ ಮುಂದಿನ ಆಕ್ಸಲ್ಲಿಗೊಂದು ಜೋಡಿ, ಹಿಂದಿನದಕ್ಕೊಂದು ಜೋಡಿ. ಒಂದರ ಪೆಟ್ಟಿಗೆ ಮೇಲೆ 4.1, ಇನ್ನೊಂದರ ಮೇಲೆ 5.1. ಚಕ್ರ ಒಂದು ಸುತ್ತು ಬರೋಕೆ ಎಂಜಿನ್ ಕಡೆಯ ಶಾಫ್ಟ್ ಎಷ್ಟು ಸುತ್ತು ಸುತ್ತಬೇಕು ಅನ್ನೋ ಲೆಕ್ಕ ಅದು. ಗಾಡಿಯಲ್ಲಿ ಈಗಿರೋದು 3.7. ನಾಲ್ಕರದು ಹಾಕಿದ್ರೆ ದೊಡ್ಡ ಟೈರಿನ ನಷ್ಟಕ್ಕೆ ಅಲ್ಲಿಂದಲ್ಲಿಗೆ ಸರಿಹೋಗತ್ತೆ, ಅಷ್ಟೇ. ಬ್ರೇಕಿಲ್ಲದೆ ಇಳಿಸೋಕೆ ಐದರದೇ ಬೇಕು. ಅದನ್ನೇ ಹಾಕೋಣ ಅಂತ ಮನಸ್ಸಿನಲ್ಲಿ ಆರಿಸಿದ್ದೆ."

"ಕಳುವಾಗಿದ್ದು?"

"ನಾಲ್ಕರದು."

ಅತ್ತೆಯ ಹುಬ್ಬು ಮೇಲೇರಿತು. "ಬೇಡದ್ದು."

"ಬೇಡದ್ದೇ. ಆದ್ರೂ ಕಳ್ಳಿ ಅನ್ನೋ ಹೆಸರು ಬಂತಲ್ಲ. ಉಗ್ರಾಣದ ಒಂದು ಕೀ ನನ್ನ ಹತ್ರ, ಇನ್ನೊಂದು ತಂಡದ ಕಚೇರಿ ಗೋಡೆ ಮೊಳೆಯಲ್ಲಿ. ತಂಡದ ಕಾರ್ಯದರ್ಶಿ ಬಂದು ನೋಡಿದವರೇ, ಇದು ನಿನ್ನದೇ ಕೈವಾಡ, ಭಾನುವಾರ ಸಭೆಯಲ್ಲಿ ಇತ್ಯರ್ಥ ಮಾಡ್ತೀವಿ ಅಂದ್ರು. ನಾನು ಬಾಯಿ ತೆಗೆಯೋಕೂ ಬಿಡಲಿಲ್ಲ. ಕಳ್ಳಿಯ ಗ್ಯಾರೇಜಿಗೆ ಯಾರು ಗಾಡಿ ತರ್ತಾರೆ ಹೇಳಿ."

ಉಗ್ರಾಣವೆಂದರೆ ಗ್ಯಾರೇಜಿನ ಹಿಂದಿನ ಕಿರುಕೋಣೆ. ದೊಡ್ಡ ಕಿಟಕಿ, ಧಾರಾಳ ಬೆಳಕು. ಮೂಲೆಯ ಹಲಗೆಯ ಮೇಲೆ ದೂಳಿಲ್ಲದ ಒಂದು ಚೌಕ. ಅದರ ಪಕ್ಕ ನೆಲದ ಮೇಲೆ 5.1 ಎಂದು ಬಿಳಿ ಬಣ್ಣದಲ್ಲಿ ಅಂಗೈಯಗಲ ಬರೆದಿದ್ದ ಮರದ ಪೆಟ್ಟಿಗೆ.

"ಇದು ನೆಲದ ಮೇಲೇ ಇತ್ತಾ?" ಅತ್ತೆ ಕೇಳಿದರು.

"ಇಲ್ಲ. ನಾಲ್ಕರದು ಅಡಿಯಲ್ಲಿ, ಐದರದು ಅದರ ಮೇಲೆ. ನಾನೇ ಇಟ್ಟಿದ್ದು."

ಅಳಿಯ ಪೆಟ್ಟಿಗೆ ಎತ್ತಲು ಹೋಗಿ ಅರ್ಧಕ್ಕೇ ಕೈಬಿಟ್ಟ. ಹೆಣಭಾರ. ಆದರೂ ಊಹೆಗೆ ಬರವಿರಲಿಲ್ಲ. "ಅವಸರದಲ್ಲಿ ಸಿಕ್ಕಿದ್ದನ್ನ ಎತ್ಕೊಂಡು ಹೋಗಿರ್ತಾನೆ, ಅತ್ತೆ. ಗೊತ್ತಾಗದೆ ಬೇಡದ್ದು ಕೈಗೆ ಬಂತು."

"ಸಿಕ್ಕಿದ್ದನ್ನ ಎತ್ತೋನಿಗೆ ಮೇಲಿನದು ಸಿಗತ್ತೆ, ಅಳಿಯಂದ್ರೆ. ಇವನು ಇಷ್ಟು ಭಾರದ್ದನ್ನ ಎತ್ತಿ ಕೆಳಗಿಟ್ಟು, ಅಡಿಯದನ್ನೇ ಬೇಕಂತ ತಗೊಂಡಿದ್ದಾನೆ."

ಅತ್ತೆ ಅಕ್ಕನ ಕಡೆ ತಿರುಗಿದರು. "ಹೋದದ್ದು ಬೇಡದ್ದು ಅಂತ ಯಾರಿಗಾದ್ರೂ ಹೇಳಿದ್ದೀಯಾ?"

"ಯಾರು ಕೇಳಿದ್ರು?"

"ಒಳ್ಳೇದಾಯ್ತು. ಭಾನುವಾರದ ತನಕ ತುಟಿ ಬಿಚ್ಚಬೇಡ. ಉಳಿದದ್ದನ್ನ ಗಾಡಿಗೆ ಹಾಕೋಕೆ ಶುರು ಮಾಡು."

ಕಚೇರಿಯ ಮೊಳೆಗೆ ಕೈ ಎಟುಕುವವರು ಮೂವರೇ. ಮೊದಲು ಸಿಕ್ಕಿದವನು ತಂಡದ ಡ್ರೈವರ್. ಯಾರು ಏನೇ ಅವಸರ ಮಾಡಲಿ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರಿಂದ ಅವನಿಗೆ ಮೆಲ್ಲಗಣ್ಣ ಎಂದೇ ಹೆಸರಾಗಿತ್ತು. ಮುದುಕಿಯ ಭುಜ ಮುರಿದ ದಿನದಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಅಕ್ಕ ಹೇಳಿದ್ದಳು.

"ನಾಲ್ಕರದು ತಾನೇ? ಹೋದ್ರೆ ಹೋಗ್ಲಿ ಬಿಡಿ," ಎಂದ ಅವನು. "ಐದರದು ಇದೆಯಲ್ಲ. ಮೆಲ್ಲಗೆ ಹಾಕ್ಲಿ, ಮೆಲ್ಲಗೆ ಇಳಿಸ್ತೀನಿ."

ಎರಡನೆಯವನು ಹಳೇ ಮೇಸ್ತ್ರಿ. ಅಕ್ಕ ಬರುವುದಕ್ಕೆ ಮುಂಚೆ ಗಾಡಿಯ ರಿಪೇರಿಯೆಲ್ಲ ಅವನ ಕೈಯಲ್ಲಿತ್ತು. ಈಗ ಕಚೇರಿಯ ಬೆಂಚಿನಲ್ಲಿ ಕೂತು ಪೇಪರ್ ಓದುವುದೇ ಅವನ ಕೆಲಸ. ಅವನ ಹೆಬ್ಬೆರಳಿನ ಕಪ್ಪು ಗ್ರೀಸ್ ಗುರುತು ಕೀ ಇದ್ದ ಮೊಳೆಯ ಪಕ್ಕದಲ್ಲೇ ಗೋಡೆಗೆ ಅಂಟಿತ್ತು. ಅಳಿಯ ಅತ್ತೆಯ ಮೊಣಕೈ ತಿವಿದ.

"ಆ ಹುಡುಗಿ ಕೆಲಸ ಕೆಡಲಿ ಅಂತ ನನಗೆ ಆಸೆ ಇರಲಿಲ್ಲ ಅಂದ್ರೆ ಸುಳ್ಳಾಗತ್ತೆ," ಎಂದ ಮೇಸ್ತ್ರಿ, ಕನ್ನಡಕದ ಮೇಲಿನಿಂದ ನೋಡುತ್ತ. "ಆದ್ರೆ ನಾನು ಕೆಡಿಸೋನಾಗಿದ್ರೆ ನೆಟ್ಟಗೆ ಕೆಡಿಸ್ತಿದ್ದೆ. ನಾಲ್ಕರದನ್ನ ಪುಕ್ಕಟೆ ಕೊಟ್ರೂ ಯಾರ್ ಒಯ್ತಾರಮ್ಮ? ಬಾಗಿಲು ಮುಚ್ಚದ ಹಾಗೆ ಅಡ್ಡ ಇಡೋಕೆ ಬೇಕಾದ್ರೆ ಆದೀತು."

"ಕೀ ಹತ್ರ ನಿಮ್ಮ ಬೆರಳಿನ ಗುರುತಿದೆಯಲ್ಲ," ಎಂದ ಅಳಿಯ.

"ಛತ್ರಿ ತೂಗುಹಾಕೋದೂ ಅಲ್ಲೇ ಸ್ವಾಮಿ. ಇಡೀ ಗೋಡೆ ನೋಡಿ, ನನ್ನ ಬೆರಳಿಲ್ಲದ ಜಾಗ ಇದ್ರೆ ಹೇಳಿ."

ಅಳಿಯ ನೋಡಿದ. ಇರಲಿಲ್ಲ. ಅತ್ತೆ ನಗು ತಡೆದುಕೊಂಡು, ಭಾನುವಾರದ ತನಕ ಈ ಮಾತು ನಮ್ಮೊಳಗೇ ಇರಲಿ ಎಂದು ಮೇಸ್ತ್ರಿಗೆ ಹೇಳಿದರು. ಡ್ರೈವರಿಗೂ ಅದನ್ನೇ ಹೇಳಿದ್ದರು.

ಕಾರ್ಯದರ್ಶಿ ಒಳಕೋಣೆಯಲ್ಲಿದ್ದರು. ಎದ್ದು ನಮಸ್ಕರಿಸಲು ಹೋಗಿ, ಸೊಂಟ ಹಿಡಿದುಕೊಂಡು ಮತ್ತೆ ಕೂತರು.

"ಸೊಂಟಕ್ಕೆ ಏನಾಯ್ತು?"

"ಹಾಸಿಗೆ ಸರಿಯಿಲ್ಲ. ವಯಸ್ಸೂ ಆಯ್ತು." ಅವರು ನಿಟ್ಟುಸಿರಿಟ್ಟರು. "ನೋಡಿ, ಆ ಹೆಣ್ಣುಮಗಳ ಮೇಲೆ ನನಗೇನೂ ದ್ವೇಷವಿಲ್ಲ. ಅವತ್ತು ಸಭೆಯಲ್ಲಿ ಹತ್ತು ಸಲ ಹೇಳಿದ್ಲು, ಕಡಿಮೆ ಗೇರ್ ಬೇಕು, ಕಡಿಮೆ ಗೇರೇ ಬೇಕು ಅಂತ. ಇದ್ದ ಒಂದೇ ಭರವಸೆ ಅದು. ಅದೇ ಹೋಯ್ತಲ್ಲ. ಆದ್ರೂ ಕೆಲಸ ನಿಲ್ಲೋದು ಬೇಡ. ಉಳಿದದ್ದನ್ನೇ ಹಾಕಿ ಇಳಿಸಿ ನೋಡ್ಲಿ, ನಾನು ಅಡ್ಡ ಬರಲ್ಲ."

"ದೊಡ್ಡ ಮನಸ್ಸು ನಿಮ್ಮದು," ಎಂದರು ಅತ್ತೆ.

ಹೊರಗೆ ಬಂದ ಮೇಲೆ ಅಳಿಯನೂ ಅದನ್ನೇ ಅಂದ. "ಪಾಪ, ಒಳ್ಳೆಯವರು. ನನಗೆ ಮಾತ್ರ ಆ ಮೇಸ್ತ್ರಿ ಮೇಲೇ ಅನುಮಾನ."

"ಜೋಪಾನವಾಗಿ ಇಟ್ಕೊಳ್ಳಿ," ಎಂದರು ಅತ್ತೆ. "ಮೂರು ಜನ ಮೂರು ಮಾತಾಡಿದ್ರು. ಅದರಲ್ಲಿ ಒಂದು, ತಿಳಿದೋರ ಬಾಯಲ್ಲಿ ಬರೋ ಮಾತಲ್ಲ. ಕರಡು ತಿದ್ದೋರು ನೀವು, ತಪ್ಪು ಕಣ್ಣಿಗೆ ಬೀಳಲಿಲ್ವಾ?"

ಅಳಿಯ ದಾರಿಯುದ್ದಕ್ಕೂ ಯೋಚಿಸಿದ. ಬೀಳಲಿಲ್ಲ.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಜನ ಸೇರಿತ್ತು. ಸಮಿತಿಯ ಅಧ್ಯಕ್ಷೆ ನಿವೃತ್ತ ವೈದ್ಯೆ; ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹೊಚ್ಚಹೊಸ ಗಾಡಿಯೊಂದು ಕೆಂಪು ರಿಬ್ಬನ್ ಕಟ್ಟಿಕೊಂಡು ಮದುಮಗನ ಹಾಗೆ ಮಿನುಗುತ್ತ ನಿಂತಿತ್ತು. ಅದನ್ನು ತಂದಿದ್ದವನು ಕಾರ್ಯದರ್ಶಿಯ ಹೆಂಡತಿಯ ತಮ್ಮ, ವಾಹನಗಳ ಷೋರೂಮಿನವನು. "ಸುಮ್ಮನೆ ನೋಡ್ಲಿ ಅಂತ," ಎಂದರು ಕಾರ್ಯದರ್ಶಿ, ಯಾರೂ ಕೇಳದಿದ್ದರೂ.

ಮೇಲೆ ಕಲ್ಲುದಾರಿಯ ತುದಿಯಲ್ಲಿ ಹಳೆಯ ಗಾಡಿ ಕಾಣಿಸಿತು. ಸ್ಟ್ರೆಚರಿನ ಮೇಲೆ ಕಟ್ಟಿಸಿಕೊಂಡು ಮಲಗಿದ್ದವಳು ಸ್ಪ್ಯಾನರ್ ಅಕ್ಕನೇ. ಬೇರೆ ಯಾರನ್ನೂ ಮಲಗಿಸಲು ಅವಳು ಒಪ್ಪಿರಲಿಲ್ಲ. ಗಾಡಿಯ ಮುಂದೆ ನಡೆಯಲು ಬಂದವಳು ಭುಜ ಮುರಿದುಕೊಂಡಿದ್ದ ಆ ಮುದುಕಿ, ಕೈಯಲ್ಲಿ ಕೋಲು ಹಿಡಿದು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲವಂತೆ.

ಎಂಜಿನ್ ಗುರುಗುಟ್ಟಿತು. ಮೂತಿ ಕೆಳಗಾಯಿತು. ಮೆಲ್ಲಗಣ್ಣ ಎರಡೂ ಕಾಲನ್ನು ಮಡಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಾಗಿಲು ಕಳಚಿದ್ದರಿಂದ ಎಲ್ಲರಿಗೂ ಕಾಣುತ್ತಿತ್ತು. ದೊಡ್ಡ ಚಕ್ರಗಳು ಒಂದೊಂದು ಕಲ್ಲನ್ನೂ ಮೂಸಿ ನೋಡಿ ಇಳಿದಂತೆ ಇಳಿದವು. ಮುದುಕಿ ಅರ್ಧ ದಾರಿಯಲ್ಲಿ ನಿಂತು, ಹಿಂತಿರುಗಿ, "ಬೇಗ ಬಾರಪ್ಪ, ಬಿಸಿಲೇರ್ತಿದೆ," ಎಂದಳು. ಜನ ಗೊಳ್ಳೆಂದರು.

ಗಾಡಿ ಬುಡ ಮುಟ್ಟಿದಾಗ ಮುದುಕಿ ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದಳು. ಚಪ್ಪಾಳೆಯ ನಡುವೆ ಷೋರೂಮಿನವನ ದನಿ ಅಳಿಯನ ಕಿವಿಗೆ ಬಿತ್ತು. "ಏನ್ ಭಾವ, ಇದು ಇಳಿಯೋ ಮಾತೇ ಇಲ್ಲ ಅಂದಿದ್ರಿ?"

ಕಾರ್ಯದರ್ಶಿಯ ಮುಖ ಸುಣ್ಣ ಬಳಿದಂತಾಗಿತ್ತು.

"ಇನ್ನು ಕಳವಿನ ವಿಚಾರ," ಎಂದರು ಅತ್ತೆ. ಎಲ್ಲರೂ ಸುತ್ತ ಸೇರಿದರು.

"ಕಳುವಾದದ್ದು ಬೇಡದ ಪೆಟ್ಟಿಗೆ. ಸ್ಪ್ಯಾನರ್ ಅಕ್ಕ ಕದಿಯೋ ಹಾಗಿದ್ರೆ ಬೇಕಾದ ಐದರದನ್ನೇ ತೆಗೀತಿದ್ಲು. ಎರಡೂ ಅವಳ ಕೈಕೆಳಗೇ ಇದ್ವು. ಮೇಲಿನ ಪೆಟ್ಟಿಗೆ ಇಳಿಸಿ ಅಡಿಯದನ್ನ ಒಯ್ದಿದ್ದಾನೆ, ಅಂದ್ರೆ ಕಣ್ತಪ್ಪಿನಿಂದ ಅಲ್ಲ, ನಂಬರ್ ನೋಡಿ ಆರಿಸಿಯೇ ಒಯ್ದಿದ್ದಾನೆ. ಬೇಡದ್ದನ್ನ ಯಾರು ಆರಿಸ್ತಾರೆ? ಅದೇ ಬೇಕಾದದ್ದು ಅಂತ ತಿಳಿದೋರು."

ಅವರು ಡ್ರೈವರ್ ಕಡೆ ಕೈ ತೋರಿಸಿದರು. "ಇವನು, ಹೋದ್ರೆ ಹೋಗ್ಲಿ ಅಂದ. ಮೇಸ್ತ್ರಿ, ಪುಕ್ಕಟೆ ಕೊಟ್ರೂ ಬೇಡ ಅಂದ್ರು. ಇಬ್ಬರಿಗೂ ಗೇರಿನ ಲೆಕ್ಕ ಗೊತ್ತು: ನಂಬರ್ ಹೆಚ್ಚಾದಷ್ಟೂ ಶಾಫ್ಟ್ ಹೆಚ್ಚು ಸುತ್ತಬೇಕು, ಚಕ್ರ ನಿಧಾನ ಆಗತ್ತೆ, ಅದನ್ನೇ ಕಡಿಮೆ ಗೇರ್ ಅನ್ನೋದು. ಇದ್ದ ಒಂದೇ ಭರವಸೆ ಹೋಯ್ತು ಅಂತ ಮರುಗಿದವರು ಮೂರನೆಯವರು. ಕಡಿಮೆ ಗೇರ್ ಅನ್ನೋ ಮಾತನ್ನ ಸಭೆಯಲ್ಲಿ ಹತ್ತು ಸಲ ಕೇಳಿದ್ರು. ನಾಲ್ಕು, ಐದಕ್ಕಿಂತ ಕಡಿಮೆ. ಹಾಗಾಗಿ ನಾಲ್ಕನ್ನ ಹೊತ್ರು. ಕಳ್ಳಿ ಅಂದವಳಿಗೇ, ಉಳಿದದ್ದನ್ನ ಹಾಕು ಅಂತ ಬಿಟ್ಟೂ ಕೊಟ್ರು. ಅದು ದೊಡ್ಡ ಮನಸ್ಸಲ್ಲ. ಹಾಕಿದ್ರೂ ಗಾಡಿ ಇಳಿಯಲ್ಲ ಅನ್ನೋ ಧೈರ್ಯ."

"ಊಹೆ," ಎಂದರು ಕಾರ್ಯದರ್ಶಿ. ದನಿ ಕೀರಲಾಗಿತ್ತು.

"ಸೊಂಟ ಈಗ ಹೇಗಿದೆ? ಕಬ್ಬಿಣ ಹೊತ್ತು ರೂಢಿ ಇರೋರಿಗೆ ಸೊಂಟ ಹಿಡಿಯಲ್ಲ. ಒಂದು ಪೆಟ್ಟಿಗೆ ಇಳಿಸಿ, ಇನ್ನೊಂದು ಹೊತ್ತ ಮೇಲೆ ನೀವು ದೂರ ಹೋಗಿರೋಕಾಗಲ್ಲ. ನಿಮ್ಮ ಕೋಣೆ ಬೀರು ತೆಗೆದು ತೋರಿಸ್ತೀರಾ?"

ಕಾರ್ಯದರ್ಶಿ ಅಧ್ಯಕ್ಷೆಯನ್ನು ನೋಡಿದರು, ಆಮೇಲೆ ಭಾವಮೈದನನ್ನು. ಕೊನೆಗೆ ಜೇಬಿನಿಂದ ಬೀರುವಿನ ಕೀ ತೆಗೆದು ಅಧ್ಯಕ್ಷೆಯ ಕೈಗಿಟ್ಟರು. "ಹಳೇ ಟಾರ್ಪಾಲಿನ ಅಡಿಯಲ್ಲಿದೆ," ಎಂದರು. "ತಂಡ ಇವನ ಷೋರೂಮಿನಿಂದಲೇ ಹೊಸ ಗಾಡಿ ಕೊಳ್ಳೋ ಹಾಗೆ ಮಾಡ್ತೀನಿ ಅಂತ ಮಾವನ ಮನೆಯಲ್ಲಿ ಮಾತು ಕೊಟ್ಟುಬಿಟ್ಟಿದ್ದೆ. ಎಲ್ಲರೂ ಒಟ್ಟಿಗೆ ಕೂತಿದ್ರು, ಬಾಯಿಂದ ಬಂದುಹೋಯ್ತು."

"ಮೊದಲು ಅವಳ ಹತ್ರ ಕ್ಷಮೆ ಕೇಳಿ, ಎಲ್ಲರೆದುರಿಗೇ," ಎಂದರು ಅಧ್ಯಕ್ಷೆ. "ರಾಜೀನಾಮೆ ಆಮೇಲೆ."

ಅವರು ಕೇಳಿದರು. ಅಕ್ಕ ಸ್ಟ್ರೆಚರಿನ ಪಟ್ಟಿ ಬಿಚ್ಚಿಕೊಳ್ಳುತ್ತ ತಲೆಯಾಡಿಸಿದಳು. ಹೊರಡುವ ಮುನ್ನ ಕಾರ್ಯದರ್ಶಿ ತಡೆಯಲಾರದೆ ತಿರುಗಿದರು.

"ಹಾಗಾದ್ರೆ ಐದೇ ಕಡಿಮೆನಾ?"

"ಐದೇ," ಎಂದ ಹಳೇ ಮೇಸ್ತ್ರಿ. ಆಮೇಲೆ ಅಕ್ಕನ ಕಡೆ ನೋಡಿ, ತುಸು ಗಂಟಲು ಸರಿಮಾಡಿಕೊಂಡ. "ಹಲ್ಲು ಚೆನ್ನಾಗಿ ಕೂರಿಸಿದ್ದೀಯ. ಸದ್ದೇ ಇಲ್ಲ."

ಊರಿಗೆ ಮರಳುವಾಗ ಹಳೆಯ ಗಾಡಿಯನ್ನು ಅಕ್ಕನೇ ಓಡಿಸಿದಳು. ಅತ್ತೆ ಪಕ್ಕದಲ್ಲಿ, ಮುದುಕಿಯೂ ಮೆಲ್ಲಗಣ್ಣನೂ ಹಿಂದೆ. ಅಳಿಯ ತನ್ನ ಕಾರಿನಲ್ಲಿ ಹಿಂಬಾಲಿಸಿದ. ಗೇರ್ ಕಡಿಮೆಯಾದ ಗಾಡಿ ಹೆದ್ದಾರಿಯಲ್ಲಿ ಜೋರಾಗಿ ಓಡಲಾರದು. ಲಾರಿ, ಬಸ್ಸು, ಕೊನೆಗೆ ಗೊಬ್ಬರ ತುಂಬಿದ ಟ್ರ್ಯಾಕ್ಟರ್ ಕೂಡ ಹಾರ್ನ್ ಹೊಡೆದು ಮುಂದೆ ಹೋದವು. ಹಾರ್ನ್ ಕೇಳಿದಾಗಲೆಲ್ಲ ಅಕ್ಕ ಬಾಗಿಲಿಲ್ಲದ ಬದಿಯಿಂದ ಕೈ ಹೊರಗೆ ಹಾಕಿ, ಮೆರವಣಿಗೆಯಲ್ಲಿ ಕೂತವಳ ಹಾಗೆ ಬೀಸುತ್ತಿದ್ದಳು. ಅವಳ ಕೈಯಲ್ಲಿ ಆ ಸ್ಪ್ಯಾನರ್ ಇತ್ತು.