ಕಂಪ್ಯೂಟರಿಗೆ ನೀರು ಹಾಯಿಸಲು ಹೋಗಿ

"ಎಷ್ಟು ಎಚ್‌ಪಿ ಮೋಟರ್ರು ಮೇಡಂ?"

ಗಂಗರಾಜು ನನ್ನ ಜೊತೆ ಆಡಿದ ಮೊದಲ ಮಾತು ಇದು. ತಿಪಟೂರಿನ ಅವನ ಅಂಗಡಿಗೆ ತೋಟದವರು ಡ್ರಿಪ್ ಪೈಪಿಗೆ, ಬೋರ್‌ವೆಲ್ ಸಾಮಾನಿಗೆ ಬರುತ್ತಾರೆ. ನಾನು ಹೋಗಿ, ಬಿಸಿಯಾಗಿ ನಿಂತುಹೋಗುತ್ತಿದೆ, ನೀರಿನಿಂದ ತಂಪು ಮಾಡಬೇಕು, ಟ್ಯೂಬು ಫಿಟ್ಟಿಂಗು ಕೊಡಿ ಎಂದರೆ ಅವನಾದರೂ ಏನೆಂದುಕೊಳ್ಳಬೇಕು.

"ಮೋಟರ್ ಅಲ್ಲ ಕಣ್ರೀ, ಕಂಪ್ಯೂಟರ್."

ಅವನು ಕೈಯಲ್ಲಿದ್ದ ವಾಲ್ವನ್ನು ಕೆಳಗಿಟ್ಟ. "ಕಂಪ್ಯೂಟರ್‌ಗೆ ನೀರ್ ಬುಡ್ತೀರಾ?"

"ಬುಡ್ತೀನಿ. ನಿಮಗೇನು ಕಷ್ಟ?"

"ನನಗೇನಿಲ್ಲ ಬುಡಿ. ಕಷ್ಟ ಅದಕ್ಕೆ."

ಹೇಳಿ ನಕ್ಕ. ನಗುವಾಗ ಅವನ ಎಡಗೆನ್ನೆ ಮಾತ್ರ ಮೇಲೇಳುತ್ತದೆ, ಬಲಗೆನ್ನೆಗೆ ವಿಷಯವೇ ತಿಳಿಯದವರ ಹಾಗೆ. ನಾನು ಅದನ್ನು ನೋಡಬಾರದಿತ್ತು. ನೋಡಿಬಿಟ್ಟೆ.

ನನ್ನ ಊರು ಬಿಳಿಗೆರೆ. ಕಟ್ಟಬೇಕಾದ ಮನೆ ಮುಂದೆ ಹೇಗೆ ಕಾಣುತ್ತದೆ ಅಂತ ಎಂಜಿನಿಯರುಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವ ಕೆಲಸ. ಬೇಸಿಗೆ ಬಂತೆಂದರೆ ಅರ್ಧ ಚಿತ್ರಕ್ಕೇ ಅದು ಕಾದು ಕಣ್ಣು ಮುಚ್ಚುತ್ತಿತ್ತು. ನನ್ನ ಕೋಣೆಯ ಪಕ್ಕದ ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ, ಅದರ ನಾರಿನ ಧೂಳು ಬೇರೆ. ಫ್ಯಾನು ಬದಲಿಸಿ ಬದಲಿಸಿ ಸಾಕಾಗಿ, ಈ ಸಲ ವಾಟರ್ ಕೂಲಿಂಗ್ ನಾನೇ ಜೋಡಿಸುತ್ತೇನೆ ಎಂದು ಹಠ ಹಿಡಿದಿದ್ದೆ. ಯಾವ ಭಾಗಕ್ಕೆ ಯಾವುದು ಹೊಂದುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅಂಗಡಿಯ ರಟ್ಟಿನ ಡಬ್ಬದ ಮೇಲೆ ಬರೆದು ತೋರಿಸಿದೆ. ಇದು ಪಂಪು. ಇದು ಬ್ಲಾಕು, ಪ್ರೊಸೆಸರಿನ ಮೇಲೆ ಕೂತು ಬಿಸಿ ಹೀರುತ್ತದೆ. ಇದು ರೇಡಿಯೇಟರು, ಇಲ್ಲಿ ನೀರು ಆರುತ್ತದೆ.

"ಆಮೇಲೆ ನೀರೆಲ್ಲಿಗೆ ಹೋಯ್ತದೆ?"

"ಮತ್ತೆ ಪಂಪಿಗೇ."

"ಸುತ್ತಿ ಸುತ್ತಿ ಅಲ್ಲಿಗೇ ಬತ್ತದಾ? ಪಾಪ." ಹೇಳುವಾಗ ಅವನು ಡಬ್ಬ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ನಾನು ಡಬ್ಬವನ್ನೇ ನೋಡಿದೆ.

ಆಮೇಲೆ ಸುತ್ತಿ ಸುತ್ತಿ ಅಲ್ಲಿಗೇ ಹೋಗುವುದು ನನ್ನ ಪಾಡಾಯಿತು. ಅವನು ಮೊದಲು ತರಿಸಿಕೊಟ್ಟ ರೇಡಿಯೇಟರು ಅಲ್ಯೂಮಿನಿಯಂನದು. ಬ್ಲಾಕಿನ ತಳ ತಾಮ್ರದ್ದು. ಎರಡೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆದು ತೂತಾಗುತ್ತದೆ ಎಂದು ವಾಪಸು ಕೊಟ್ಟೆ. ಅದು ನಿಜವಾದ ಕಾರಣ. ಅದರ ನಂತರದ ಕಾರಣಗಳೆಲ್ಲ ನಾನೇ ಹುಟ್ಟಿಸಿದವು. ಟ್ಯೂಬು ಮಡಚಿಕೊಳ್ಳುತ್ತದೆ ಎಂದೆ, ದಪ್ಪನೆಯದು ತರಿಸಿದ. ದಪ್ಪ ಜಾಸ್ತಿ ಎಂದೆ, ಸಣ್ಣದು ತರಿಸಿದ. ಕಪ್ಪು ಫಿಟ್ಟಿಂಗ್ ಬೇಡ, ಬೆಳ್ಳಿ ಬಣ್ಣದ್ದಿರಲಿ ಎಂದೆ. ಬೆಳ್ಳಿಯದು ಬಂದಾಗ ಕಪ್ಪೇ ಚೆನ್ನಾಗಿತ್ತು ಎಂದೆ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವನು ಸಿಡುಕಿದ್ದರೆ ನನ್ನ ಗತಿ ಇಷ್ಟು ಕೆಡುತ್ತಿರಲಿಲ್ಲವೇನೋ.

ಎಲ್ಲ ಭಾಗವೂ ಆರಿಸಿ ಮುಗಿದ ದಿನ ಅವನ ಅಪ್ಪ ಕೆಂಚಪ್ಪನವರು ಗಲ್ಲಾದಲ್ಲಿ ಕೂತಿದ್ದರು. "ಭಾನುವಾರ ಅಂಗಡಿ ಇರಲ್ಲ ಕಣವ್ವ. ಹಂದನಕೆರೇಲಿ ಇವನಿಗೆ ಹೆಣ್ಣು ಒಪ್ಪಿದೀವಿ. ಎಲೆ ಅಡಿಕೆ ಬದಲಾಯಿಸ್ಕಂಡು ಬರಾಣ ಅಂತ."

ನಾನು ತುಂಬ ಸಂತೋಷ ಎಂದೆ. ಗಂಗರಾಜು ಫಿಟ್ಟಿಂಗುಗಳನ್ನು ಕವರಿಗೆ ಹಾಕುತ್ತಿದ್ದ, ತಲೆ ಎತ್ತಲಿಲ್ಲ. "ಶನಿವಾರ ನಿಮ್ಮನೆಗೆ ಬಂದು ಕೂರಿಸ್ಕೊಡ್ತೀನಿ" ಎಂದ.

ಎಲೆ ಅಡಿಕೆ ಕೈ ಬದಲಾದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿದರೆ ಎರಡು ಮನೆಯ ಮರ್ಯಾದೆ ಹೋಗುತ್ತದೆ. ಬಸ್ಸಿನಲ್ಲಿ ಕವರು ಮಡಿಲಲ್ಲಿಟ್ಟುಕೊಂಡು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು. ನನಗೆ ಅವನು ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಆದರೆ ಹೆಣ್ಣಾಗಿ ಹೇಗೆ ಬಾಯಿ ಬಿಡಲಿ ಎನ್ನುವ ಹಾಳು ಸಂಕೋಚ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ಬಂದ. ಕೆಳಗೆ ಅಮ್ಮ ಕಾಫಿಗೆ ಇಟ್ಟಿದ್ದಳು. ಗಂಗರಾಜು ನೆಲದ ಮೇಲೆ ಕೂತು, ಬ್ಲಾಕನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನಿಂದ ಟೆಫ್ಲಾನ್ ಟೇಪ್ ತೆಗೆದ. ಫಿಟ್ಟಿಂಗಿನ ತಿರುಪಿಗೆ ಅದನ್ನು ನೀಟಾಗಿ ಸುತ್ತತೊಡಗಿದ.

ತೋಟದ ಪೈಪಿಗೆ ಟೇಪ್ ಸುತ್ತದೆ ಯಾರೂ ತಿರುಪು ಕೂರಿಸುವುದಿಲ್ಲ, ಅದು ಅವನ ಕೈಗೆ ಅಂಟಿದ ಅಭ್ಯಾಸ. ಆದರೆ ಈ ಫಿಟ್ಟಿಂಗಿನ ಬುಡದಲ್ಲಿ ರಬ್ಬರ್ ಉಂಗುರವಿದೆ, ನೀರು ತಡೆಯುವುದು ಅದೇ. ಟೇಪ್ ಸುತ್ತಿ ಸ್ಪ್ಯಾನರಿನಲ್ಲಿ ಬಿಗಿದರೆ ಬ್ಲಾಕಿನ ಪ್ಲಾಸ್ಟಿಕ್ ಮೇಲ್ಭಾಗ ಸೀಳುತ್ತದೆ. ನಾನು ನೋಡಿದ ಪ್ರತಿ ವಿಡಿಯೋದಲ್ಲೂ ಇದನ್ನು ಹೇಳಿದ್ದರು.

ಬೇಡ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಒಡೆದರೆ ಹೊಸ ಬ್ಲಾಕ್ ಬರಬೇಕು, ಅವನು ಇನ್ನೊಮ್ಮೆ ಈ ಮೆಟ್ಟಿಲು ಹತ್ತಬೇಕು. ಭಾನುವಾರ ಕಳೆದ ಮೇಲೆ ಹತ್ತಿದರೇನು ಬಂತು ಎಂದು ನನಗೇ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಅವನು ಸ್ಪ್ಯಾನರ್ ಹಾಕಿ ತಿರುಗಿಸಿದ. ಟಕ್ ಎಂದಿತು.

ಬ್ಲಾಕಿನ ಮೇಲೆ ಉದ್ದಕ್ಕೆ ಬಿರುಕು. ಗಂಗರಾಜು ಅದನ್ನು ಬೆಳಕಿಗೆ ಹಿಡಿದು ನೋಡಿದ, ಹೆಬ್ಬೆರಳಿನಿಂದ ಸವರಿದ. "ನಾನೇ ಹಾಳ್ ಮಾಡ್ಬುಟ್ಟೆ ಕಣ್ರೀ. ಎಷ್ಟು ಆಸೆಯಿಂದ ಆರಿಸಿದ್ರಿ. ಇದೊಂದನ್ನಾದ್ರೂ ನಿಮಗೆ ಸರಿಯಾಗಿ ಮಾಡ್ಕೊಟ್ಟು ಹೋಗಾಣ ಅಂತಿದ್ದೆ." ಸುತ್ತಿದ ಟೇಪನ್ನು ಬಿಚ್ಚತೊಡಗಿದ. ಅದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

"ನೀವು ಟೇಪ್ ಸುತ್ತೋವಾಗ್ಲೇ ನನಗೆ ಗೊತ್ತಿತ್ತು, ಒಡೆಯುತ್ತೆ ಅಂತ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವತ್ತೇ ಮುಗಿದೋಗ್ತಿತ್ತು." ಸ್ಪ್ಯಾನರನ್ನು ನನ್ನ ಕಡೆ ಎಳೆದುಕೊಂಡೆ. "ನಾಳೆ ಹೋಗ್ಬೇಡಿ ರೀ. ನನಗೆ ನೀವು ಬೇಕು."

ಅವನು ಬ್ಲಾಕನ್ನು ನೆಲದ ಮೇಲಿಟ್ಟ. "ನೀವು ವಾಪಸ್ ತಂದಿದ್ದೆಲ್ಲ ಸರಿಯಾಗೇ ಇತ್ತು. ಆ ರೇಡಿಯೇಟರ್ ಒಂದು ಬುಟ್ಟು. ಗೊತ್ತಿದ್ದೂ ಬದಲಾಯಿಸ್ಕೊಟ್ಟೆ."

"ಮತ್ತೆ ಹಂದನಕೆರೆಗೆ ಹೂಂ ಅಂದಿದ್ದು?"

"ಅಪ್ಪ ಕೇಳ್ದಾಗ ಬ್ಯಾಡ ಅನ್ನಕ್ಕೆ ನನ್ನತ್ರ ಏನಿತ್ತು? ನೀವು ಬಂದಾಗೆಲ್ಲ ಪೈಪು ಬುಟ್ಟು ಬೇರೆ ಮಾತೇ ಆಡ್ಲಿಲ್ಲ." ಈಗ ನನ್ನ ಮುಖ ನೋಡಿದ. "ನಿಮ್ಮ ಹೆಸರು ಹೇಳ್ಲಾ?"

"ಹೇಳಿ."

ಅಲ್ಲೇ ಫೋನ್ ಮಾಡಿದ. "ಅಪ್ಪ, ನಾಳೆ ಬ್ಯಾಡ" ಎಂದ. ಆ ಕಡೆಯಿಂದ ಬೈಗುಳ ನನಗೂ ಕೇಳಿಸುತ್ತಿತ್ತು. ಅವನು ಎದುರಾಡದೆ ಎಲ್ಲ ಕೇಳಿಸಿಕೊಂಡು, ಕೊನೆಗೆ "ಬಿಳಿಗೆರೆ ಅನಿತಾ" ಎಂದ. ಬೈಗುಳ ನಿಂತಿತು. ಗಂಗರಾಜು ಫೋನನ್ನು ನನ್ನ ಕಡೆ ಚಾಚಿದ. "ನಿಮಗೇ ಕೊಡಬೇಕಂತೆ."

"ಇವನು ಹೇಳ್ತಿರೋದು ದಿಟವೇನವ್ವ?" ಕೆಂಚಪ್ಪನವರ ಧ್ವನಿ ಒರಟಾಗಿತ್ತು. "ನೀನೂ ಒಪ್ಪಿದೀಯ?"

ತಪ್ಪಾಯಿತು, ಕ್ಷಮಿಸಿ ಎಂದು ಶುರು ಮಾಡಬೇಕೆಂದಿದ್ದೆ. ಬಾಯಿಂದ ಬಂದದ್ದೇ ಬೇರೆ.

"ಹೂಂ, ಮಾವ."

ಆ ಕಡೆ ಕೆಂಚಪ್ಪನವರು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಅವನನ್ನ ಕಳಿಸವ್ವ. ಕತ್ತಲಾಗೋದ್ರೊಳಗೆ ಅಪ್ಪ ಮಗ ಇಬ್ರೂ ಹಂದನಕೆರೆಗೆ ಹೋಗಿ ತಪ್ಪಾಯ್ತು ಅಂತ ಕೈ ಮುಗ್ದು ಬರ್ಬೇಕು. ನಿಮ್ಮಪ್ಪನ ಹತ್ರ ಆಮೇಲೆ ಮಾತಾಡ್ತೀನಿ."