ಬುವಾಲಾಯ್ ಅಜ್ಜಿಯ ಬೆನ್ನ ಮೇಲೆ ನಾಲ್ಕು ಕೈ

"ಎಡಗಡೆಗೆ ಸಿಟ್ಟು ಬಂದಿದೆ," ಎಂದಳು ಬುವಾಲಾಯ್ ಅಜ್ಜಿ, ಚಾಪೆಯ ಮೇಲೆ ಬೋರಲು ಮಲಗಿದಲ್ಲಿಂದಲೇ.

ಎಡಗಡೆ ಕೂತಿದ್ದವಳು ಪಿಕುನ್. ಸಿಟ್ಟು ಬಂದಿದ್ದು ನಿಜ.

ಬರದೇ ಏನು ಮಾಡೀತು? ಅಜ್ಜಿಯ ಬೆನ್ನು ಇಷ್ಟು ದಿನ ಅವಳೊಬ್ಬಳದೇ ಆಗಿತ್ತು. ಲಂಪಾಂಗ್ ಪೇಟೆಯ ಬೀದಿಬೀದಿಯಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು ಅಕ್ಕಿ ಶಾವಿಗೆ ಮಾರಿದ ಬೆನ್ನು ಅದು. ಎಲ್ಲಿ ಹಿಡಿದುಕೊಂಡಿದೆ, ಎಲ್ಲಿ ಒತ್ತಿದರೆ ಅಜ್ಜಿ ಬೈಯುತ್ತಾಳೆ, ಎಲ್ಲಿ ಒತ್ತಿದರೆ ಗೊರಕೆ ಹೊಡೆಯುತ್ತಾಳೆ ಎಂಬುದೆಲ್ಲ ಪಿಕುನ್‌ಗೆ ಅಂಗೈಯಷ್ಟು ಗೊತ್ತು. ಇವತ್ತು ನೋಡಿದರೆ ಮೈ ಒತ್ತುವ ಮಂಟಪದ ಯಜಮಾನಿ ಸಂಗ್‌ವಾನ್ ದೊಡ್ಡಮ್ಮ ಯಾವನೋ ಹೊಸಬನನ್ನು ಕರೆತಂದು ಬಲಗಡೆ ಕೂರಿಸಿಬಿಟ್ಟಿದ್ದಳು.

"ಇವನು ಚಾನೊನ್, ಫ್ರೇ ಊರವನು. ಇನ್ಮೇಲೆ ನೀವಿಬ್ರೂ ಜೋಡಿ. ನಾಲ್ಕು ಕೈಲಿ ಒತ್ತಿಸ್ಕೋಬೇಕು ಅಂತ ಜನ ಕೇಳ್ಕೊಂಡು ಬರ್ತಿದ್ದಾರೆ."

ಜೋಡಿಯಂತೆ ಜೋಡಿ... ಪಿಕುನ್ ಹಲ್ಲು ಕಚ್ಚಿ ಹಬೆಪಾತ್ರೆಗೆ ಕೈ ಹಾಕಿದಳು. ಅದೇ ಹೊತ್ತಿಗೆ ಅವನೂ ಹಾಕಿದ. ಒಳಗೆ ಬೇಯುತ್ತಿದ್ದ, ಬೆನ್ನಿಗಿಡುವ ಮೂಲಿಕೆಯ ಶಾಖದ ಗಂಟು ಒಂದೇ. ಹಿಡಿದವರು ಇಬ್ಬರು.

"ಬಿಡಿ," ಎಂದಳು.

"ತಡೀರಿ," ಎಂದ.

ಗಂಟನ್ನು ಎತ್ತಿ, ತನ್ನ ಮುಂಗೈಯ ಒಳಭಾಗಕ್ಕೆ ಒತ್ತಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅವಳ ಕೈಗೆ ಕೊಟ್ಟ.

"ಬಿಸಿ ನೋಡೋಕೆ ನಂಗೂ ಬರುತ್ತೆ."

"ಗೊತ್ತು."

"ಮತ್ತೆ?"

ಅವನು ನಕ್ಕ. ಆ ನಗುವೇ ಅವಳ ಮೈಯೆಲ್ಲ ಉರಿಸಿತು.

"ಬಲಗಡೆ ನಗ್ತಿದೆ," ಎಂದಳು ಅಜ್ಜಿ. "ನೋಡ್ಕೊಂಡು ಜಗಳ ಆಡ್ರಪ್ಪಾ, ಮಧ್ಯದಲ್ಲಿ ನಾನಿದ್ದೀನಿ."

ನಾಲ್ಕು ಕೈಯ ಕೆಲಸ ಹೇಳಿದಷ್ಟು ಸುಲಭವಲ್ಲ. ಎಡಗಡೆ ಎಷ್ಟು ಭಾರ ಬಿತ್ತೋ ಬಲಗಡೆಯೂ ಅಷ್ಟೇ ಬೀಳಬೇಕು, ಅದೇ ಕ್ಷಣಕ್ಕೆ ಬೀಳಬೇಕು. ಅದಕ್ಕೆ ಇಬ್ಬರ ಉಸಿರೂ ಒಂದಾಗಬೇಕು. ಮೊದಮೊದಲು ಅಜ್ಜಿ ದೋಣಿಯಂತೆ ಒಂದು ಕಡೆ ವಾಲುತ್ತಿದ್ದಳು. ದಿನ ಕಳೆದಂತೆ ವಾಲುವುದು ನಿಂತಿತು. ವಾಂಗ್ ನದಿಯ ಮೇಲಿಂದ ಚಳಿಗಾಳಿ ಬೀಸುವ ಹೊತ್ತಿಗೆ, ಅವನು ಉಸಿರು ಎಳೆದುಕೊಂಡಿದ್ದು ಅವಳಿಗೆ ನೋಡದೆಯೇ ತಿಳಿಯುತ್ತಿತ್ತು.

ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಇಬ್ಬರೂ ಎದುರುಬದುರು ಕೂತು ಗಂಟು ಕಟ್ಟುತ್ತಿದ್ದರು. ಕಾಡುಶುಂಠಿ, ಅರಿಶಿನ, ಮಜ್ಜಿಗೆಹುಲ್ಲು, ಹುಣಸೆ ಚಿಗುರು, ಹಿಡಿ ಉಪ್ಪು, ಚಿಟಿಕೆ ಕರ್ಪೂರ. ಮನೆಗೆ ಹೋದ ಮೇಲೂ ಪಿಕುನ್‌ಳ ಕೂದಲಲ್ಲಿ ಆ ವಾಸನೆ ಇರುತ್ತಿತ್ತು. ಮೊದಲೂ ಇತ್ತು. ಆದರೆ ಈಗ ಅದು ಅವನ ವಾಸನೆ ಅನ್ನಿಸುತ್ತಿತ್ತಲ್ಲ, ಅದೇ ತೊಂದರೆ.

ಛೆ... ನನಗೇನಾಗಿದೆ?

ಏನಾಗಿದೆ ಎಂಬುದು ಮಂಟಪದವರಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವುದೇನು, ಜಡೆಗೆ ಹೂ ಮುಡಿಯುವುದೇನು! ಗೊತ್ತಿಲ್ಲದವರು ಇಬ್ಬರೇ, ಅವಳು ಮತ್ತು ಅವನು.

ಆದರೆ ಒಂದು ಮುಳ್ಳು ಮಾತ್ರ ಹೋಗಿರಲಿಲ್ಲ. ಅವಳ ಗಂಟಿನ ಬಿಸಿಯನ್ನು ಅವನು ಇಂದಿಗೂ ತಾನೇ ಮೊದಲು ನೋಡುತ್ತಿದ್ದ. ಒಂದು ದಿನ, ಮೇಷ್ಟರ ಹೆಂಡತಿ ಒತ್ತಿಸಿಕೊಳ್ಳಲು ಬಂದು ಮಲಗಿದ್ದಾಗ, ಪಿಕುನ್ ತೆಗೆದ ಗಂಟನ್ನು ಅವಳ ಕೈಯಿಂದಲೇ ಕಿತ್ತುಕೊಂಡು ಪಾತ್ರೆಯ ಮುಚ್ಚಳದ ಮೇಲಿಟ್ಟ.

"ಇದು ಬೇಡ, ತುಂಬಾ ಬಿಸಿ ಇದೆ."

ಮೇಷ್ಟರ ಹೆಂಡತಿ ತಲೆಯೆತ್ತಿ ನೋಡಿದಳು. "ಹುಷಾರು ಕಣಮ್ಮ, ಸುಟ್ಟುಬಿಟ್ಟೀಯ."

ಪಿಕುನ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಲಸ ಮುಗಿದದ್ದೇ ತಡ, ಒಳಗೆ ಹೋಗಿ ದೊಡ್ಡಮ್ಮನ ಮುಂದೆ ನಿಂತಳು.

"ಇವರ ಜೊತೆ ನನ್ನ ಕೈ ಕೂಡಲ್ಲ ದೊಡ್ಡಮ್ಮ. ಯಾವತ್ತೂ ಕೂಡಲ್ಲ. ನಾನು ಒಬ್ಬಳೇ ಮಾಡ್ಕೋತೀನಿ."

ನಡುವೆ ಇದ್ದದ್ದು ಬಟ್ಟೆಯ ಪರದೆ. ಅದರಾಚೆ ಚಾನೊನ್ ಗಂಟು ಕಟ್ಟುತ್ತಿದ್ದ. ದಾರ ಎಳೆಯುವ ಸದ್ದು ನಿಂತುಹೋಯಿತು.

ಮರುದಿನ ಅವನು ದೊಡ್ಡಮ್ಮನಿಗೆ ಹೇಳಿದ. ಚಿಯಾಂಗ್ ಮಾಯ್‌ನಲ್ಲಿ ಗೆಳೆಯನೊಬ್ಬ ಕರೆಯುತ್ತಿದ್ದಾನೆ, ಗುರುಪೂಜೆ ಮುಗಿಸಿಕೊಂಡು ಹೊರಡುತ್ತೇನೆ ಎಂದು. ಪಿಕುನ್‌ಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೋಗಲಿ, ನನಗೇನು... ಎಂದುಕೊಂಡಳು. ಎಂದುಕೊಂಡಿದ್ದಕ್ಕೇ ಕಣ್ಣು ತುಂಬಿತು.

ಪೂಜೆಯ ಹಿಂದಿನ ದಿನ ಸಾಮಾನು ಕಟ್ಟಬೇಕೆಂದು ಅವನು ರಜೆ ಹಾಕಿದ. ಬುವಾಲಾಯ್ ಅಜ್ಜಿಗೆ ಪಿಕುನ್ ಒಬ್ಬಳೇ ಕೂತಳು. ಎಡಗಡೆ ಒತ್ತಿ, ಬಲಗಡೆಯಿಂದ ಭಾರ ಬೀಳಲೆಂದು ಅವಳ ಕೈ ತಾನಾಗಿ ಕಾಯುತ್ತಿತ್ತು. ಯಾರೂ ಇಲ್ಲ. ಕಣ್ಣು ಮಂಜಾಗಿ, ನೋಡದೆ ಹಬೆಪಾತ್ರೆಗೆ ಕೈ ಹಾಕಿದಳು.

"ಹಾ...!"

"ಸುಟ್ಕೊಂಡ್ಯಾ?" ಎಂದಳು ಅಜ್ಜಿ, ಮುಖ ಎತ್ತದೆ. "ಅವನಿದ್ದಾಗ ಯಾವತ್ತಾದ್ರೂ ಸುಟ್ಕೊಂಡಿದ್ಯಾ?"

ಪಿಕುನ್ ಬೆರಳನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದಳು. ಇಲ್ಲ. ಒಂದು ಸಲವೂ ಇಲ್ಲ.

"ಅವರು ಬಿಸಿ ನೋಡ್ತಿದ್ದಿದ್ದು ನಿಮ್ಮ ಬೆನ್ನಿಗೆ ತಾನೇ ಅಜ್ಜಿ?"

"ನನ್ನ ಬೆನ್ನಿಗೆ ಇಡೋ ಮುಂಚೆ ನೀನು ಇನ್ನೊಂದ್ಸಲ ನೋಡಲ್ವಾ? ಅವನು ನೋಡ್ತಿದ್ದಿದ್ದು ನಿನ್ನ ಕೈಗೆ ಕಣೇ, ದಡ್ಡಿ. ನೀನು ನೀರು ತರೋಕೆ ಹೋದಾಗ ನಾನೇ ಕೇಳ್ದೆ, ಯಾಕೋ ಎಲ್ಲಾನೂ ನೀನೇ ಮೊದ್ಲು ಮುಟ್ತೀಯ ಅಂತ. 'ಅವರ ಬೆರಳ ತುದಿ ನೋಡಿದೀರಾ ಅಜ್ಜಿ, ಬೆಂದು ಕೆಂಪಾಗಿದೆ, ನೋಡೋಕಾಗಲ್ಲ' ಅಂದ."

ಪಿಕುನ್ ಬಾಯಿಂದ ಬೆರಳು ತೆಗೆದು ಅದರ ತುದಿಯನ್ನೇ ನೋಡಿದಳು.

"ಮತ್ತೆ... ನಂಗ್ಯಾಕೆ ಹೇಳ್ಲಿಲ್ಲ ನೀವು?"

"ನೀನು ಕೇಳಿದ್ರೆ ತಾನೇ? ಮೇಲಾಗಿ ನಿಮ್ಮಿಬ್ರ ಜಗಳದಲ್ಲಿ ನನ್ನ ಸೊಂಟ ಚೆನ್ನಾಗಿ ಸಡಿಲ ಆಗ್ತಿತ್ತು."

ಪಿಕುನ್ ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು.

ಗುರುವಾರ ಬೆಳಿಗ್ಗೆ ಮಂಟಪದಲ್ಲಿ ಬುದ್ಧನ ವೈದ್ಯ ಜೀವಕನ ವಿಗ್ರಹಕ್ಕೆ ಮಲ್ಲಿಗೆ ಮಾಲೆ ಹಾಕಿ, ಊದುಬತ್ತಿ ಹಚ್ಚಿ, ಎಲ್ಲರೂ ಕೈಮುಗಿದರು. ಪೂಜೆಯಾದ ಮೇಲೆ ಅಲ್ಲೊಂದು ಪದ್ಧತಿ. ವರ್ಷವಿಡೀ ಊರವರ ಮೈ ಒತ್ತಿದವರು ಅಂದು ಒಬ್ಬರ ಹಿಂದೊಬ್ಬರು ಸಾಲಾಗಿ ಕೂತು ಮುಂದಿನವರ ಭುಜ ಒತ್ತುತ್ತಾರೆ. ದೊಡ್ಡಮ್ಮ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಹಿಂದಕ್ಕೆ ತಿರುಗಬೇಕು. ಆಗ ಒತ್ತಿಸಿಕೊಂಡವರದು ಒತ್ತುವ ಸರದಿ.

ಚಾನೊನ್ ಬಂದಿದ್ದ. ಅವನ ಚೀಲ ಮೆಟ್ಟಿಲ ಬಳಿಯೇ ಇತ್ತು. ಮಧ್ಯಾಹ್ನದ ವ್ಯಾನಿಗೆ ಹೊರಡುವವನು.

ಪಿಕುನ್ ನೆಟ್ಟಗೆ ಬಂದು, ಅವನ ಹಿಂದೆ ಕೂತಿದ್ದವಳನ್ನು "ಸ್ವಲ್ಪ ಜರುಗೇ" ಎಂದು ಸರಿಸಿ ಕೂತಳು. ಅವನ ಭುಜದ ಮೇಲೆ ಕೈಯಿಟ್ಟಳು. ಇಷ್ಟು ದಿನ ಒಂದೇ ಬೆನ್ನಿನ ಮೇಲೆ ದುಡಿದ ಕೈಗಳು. ಅವನನ್ನು ಮುಟ್ಟಿದ್ದು ಇದೇ ಮೊದಲು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು.

"ನಾನು ದೊಡ್ಡಮ್ಮನ ಹತ್ರ ಸುಳ್ಳು ಹೇಳ್ದೆ," ಎಂದಳು ಅವನ ಬೆನ್ನಿಗೆ. "ನಿಮ್ಮ ಜೊತೆ ನನ್ನ ಕೈ ಕೂಡಲ್ಲ ಅಂದಿದ್ದು ಸುಳ್ಳು. ನೀವಿಲ್ದೆ ಅದಕ್ಕೆ ಕೆಲಸಾನೇ ಬರ್ತಿಲ್ಲ."

ಹೆಬ್ಬೆರಳಿನಿಂದ ಅವನ ಭುಜವನ್ನು ಒಮ್ಮೆ ಒತ್ತಿದಳು.

"ನೀವು ಬಿಸಿ ನೋಡ್ತಿದ್ದಿದ್ದು ಯಾಕೆ ಅಂತ ನಿನ್ನೆ ಗೊತ್ತಾಯ್ತು. ನಾನು ದಡ್ಡಿ, ಒಪ್ಕೋತೀನಿ. ಆದ್ರೆ ದಡ್ಡಿಗೂ ಪ್ರೀತಿ ಆಗುತ್ತಲ್ಲ... ಆಗ್ಬಿಟ್ಟಿದೆ. ನೀನು ಹೋಗ್ಬೇಡ."

ಅವಳ ಅಂಗೈಯ ಕೆಳಗೆ ಅವನ ಭುಜ ಬಿಗಿಯಿತು. ಕಿವಿ ಕೆಂಪಾಯಿತು. ಸಾಲಿನಲ್ಲಿ ಒಬ್ಬರ ಕೈಯೂ ಆಡುತ್ತಿರಲಿಲ್ಲ, ಎಲ್ಲರ ಕಿವಿಯೂ ಇಲ್ಲೇ. ಅಯ್ಯೋ, ಹೇಳಬಾರದಿತ್ತಾ...

ಶಾವಿಗೆ ಹಂಚಲು ಬಂದಿದ್ದ ಬುವಾಲಾಯ್ ಅಜ್ಜಿಗೆ ತಡೆಯಲಾಗಲಿಲ್ಲ. "ಗಂಟೆ ಹೊಡಿಯೇ ಸಂಗ್‌ವಾನ್. ಪಾಪ, ಹುಡುಗ ಉತ್ತರ ಕೊಡೋದು ಬೇಡ್ವಾ?"

ದೊಡ್ಡಮ್ಮ ಗಂಟೆ ಬಾರಿಸಿದಳು. ಸಾಲು ತಿರುಗಿತು.

ಈಗ ಪಿಕುನ್‌ಳ ಬೆನ್ನು ಅವನ ಕಡೆಗೆ. ಅವಳು ಕಣ್ಣು ಮುಚ್ಚಿಕೊಂಡಳು. ತುಸು ಹೊತ್ತಾದ ಮೇಲೆ ಅವಳ ಭುಜದ ಮೇಲೆ ಎರಡು ಕೈಗಳು ಬಂದು ಕೂತವು. ಒತ್ತಲಿಲ್ಲ.

"ಈಗ ತಾನೇ ನನ್ನನ್ನ ನೀನು ಅಂದ್ರಿ," ಎಂದ ಚಾನೊನ್.

"ಬಾಯಿ ತಪ್ಪಿ ಬಂತು."

"ವಾಪಸ್ ತಗೋತೀರಾ?"

"ಇಲ್ಲ."

"ಹಾಗಾದ್ರೆ ನಾನೂ ಹೋಗಲ್ಲ."

ಅವಳು ಉಸಿರು ಬಿಟ್ಟಳು. ಹಿಂದಿನಿಂದ ಅವನೂ ಬಿಟ್ಟ.

"ಬಂದ ವಾರಾನೇ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ. ಇಲ್ಲೊಬ್ಬಳಿದ್ದಾಳೆ, ನನ್ನ ಕಂಡ್ರೆ ಉರಿದು ಬೀಳ್ತಾಳೆ, ನಂಗೆ ಅವಳೇ ಬೇಕು ಅಂತ."

"ಅಮ್ಮ ಏನಂದ್ರು?"

"ನಂಗ್ಯಾಕೆ ಹೇಳ್ತೀಯ, ಅವಳಿಗೆ ಹೇಳು ಅಂದ್ರು. ನಂಗೆ ಧೈರ್ಯ ಬರ್ಲಿಲ್ಲ."

ಪಿಕುನ್‌ಗೆ ಇನ್ನು ಬೆನ್ನು ಹಾಕಿ ಕೂರಲಾಗಲಿಲ್ಲ. ಗಂಟೆ ಇಲ್ಲ, ಏನಿಲ್ಲ, ಅವನ ಕಡೆಗೆ ತಿರುಗಿಯೇಬಿಟ್ಟಳು. ಇಬ್ಬರ ಕಣ್ಣೂ ಒದ್ದೆಯಾಗಿದ್ದವು, ಇಬ್ಬರೂ ನಗುತ್ತಿದ್ದರು.

"ಸಾಲು ಕೆಡ್ತು," ಎಂದ ಅವನು.

"ಕೆಡ್ಲಿ. ಈಗ ಹೇಳು."

ಅವನು ಬಾಗಿ ಹೇಳಿದ. ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ.

"ಏನಂದ? ಏನಂದ?" ಎಂದು ಅಜ್ಜಿ ಸೌಟು ಹಿಡಿದುಕೊಂಡೇ ಹತ್ತಿರ ಬಂದಳು. "ಜೋರಾಗಿ ಹೇಳೋ, ನಂಗೆ ಕಿವಿ ಮಂದ."

"ನಿಂಗೆ ಕೇಳಿಸ್ತಲ್ಲ?" ಎಂದು ಚಾನೊನ್ ಪಿಕುನ್‌ಳನ್ನು ಕೇಳಿದ.

"ಕೇಳಿಸ್ತು," ಎಂದಳು ಪಿಕುನ್. "ಅಜ್ಜಿಗೆ ನಾಳೆ ಹೇಳೋಣ. ಇಬ್ರೂ ಸೇರಿ."